ರಸ್ತೆಗೆ ಕಾಣುವ ಜಾಗ

ಆ ದಿನ ಬೆಳಿಗ್ಗೆ ಶೀನಪ್ಪನ ಹೋಟೆಲಿಗೆ ಹೊಕ್ಕು ಗೋಳಿಬಜೆ ತಿನ್ನದೆ ಸೀದಾ ಬಸ್ಸು ಹತ್ತಿದ್ದರೆ ರುಕ್ಮಯ್ಯನ ಕತೆ ಬೇರೆಯೇ ಆಗುತ್ತಿತ್ತು. ಆದರೆ ಹೊಟ್ಟೆ ಕೇಳಬೇಕಲ್ಲ!

ರುಕ್ಮಯ್ಯ ಬಂಟ್ವಾಳ ಪೇಟೆಯಲ್ಲಿ ಬೋರ್ಡು ಬರೆಯುವವ. ಬಸ್ಸುಗಳ ಹಣೆಯ ಮೇಲಿನ ಹೆಸರು, ಸೋಡಾ ಅಂಗಡಿಯ ಫಲಕ ಎಲ್ಲ ಅವನ ಕೈಯದ್ದೇ. ಆದರೆ ತಾನು ಬರೀ ಬೋರ್ಡಿನವನಲ್ಲ, ಕಲಾವಿದ ಎಂಬ ಗುಮಾನಿ ಅವನಿಗೆ ಬಹಳ ಕಾಲದಿಂದ ಇತ್ತು. ಊರಿನಲ್ಲಿ ಬೇರೆ ಯಾರಿಗೂ ಆ ಗುಮಾನಿ ಇರಲಿಲ್ಲ. ಹಂಚಿನ ಅಂಗಡಿ ಇಟ್ಟಿದ್ದ ಅವನ ಮಾವ ಧರ್ಣಪ್ಪನಿಗಂತೂ ಅಳಿಯ ಶುದ್ಧ ಸೋಮಾರಿ ಎಂಬುದರಲ್ಲಿ ಸಂಶಯವೇ ಇಲ್ಲ. ಅಳಿಯ ಬಂದು ಅಂಗಡಿಯಲ್ಲಿ ಕೂರಬೇಕು, ಹಂಚು ಎಣಿಸಬೇಕು ಎಂಬುದು ಮಾವನ ಹಟ.

ಹಿಂದಿನ ದಿನ ಆ ಹಟ ಕೊನೆಯ ಮಾತಿಗೆ ಬಂದು ನಿಂತಿತ್ತು. "ಮೂಡಬಿದ್ರೆಯಲ್ಲಿ ಯಾರೋ ಭಟ್ರು ಚಿತ್ರಶಾಲೆ ತೆರೆದಿದ್ದಾರಂತೆ. ನಾಳೆ ಸಂಜೆಯೊಳಗೆ ನಿನ್ನದೊಂದು ಚಿತ್ರ ಅಲ್ಲಿ ನಾಲ್ಕು ಜನ ನೋಡುವ ಹಾಗೆ ನೇತಾಡಬೇಕು. ನಾನೇ ಬಂದು ನೋಡ್ತೇನೆ. ನಿನ್ನ ಬಾಯಿಮಾತು ನಂಬುವವ ನಾನಲ್ಲ. ಚಿತ್ರ ಕಂಡರೆ ಅಂಗಡಿಯ ಸುದ್ದಿ ಎತ್ತುವುದಿಲ್ಲ. ಕಾಣದಿದ್ದರೆ ನಾಡಿದ್ದಿನಿಂದ ಹಂಚು ಎಣಿಸು" ಎಂದಿದ್ದ ಧರ್ಣಪ್ಪ. ಹೆಂಡತಿ ಕುಸುಮ ಅಪ್ಪನ ಪಕ್ಷವೋ ಗಂಡನ ಪಕ್ಷವೋ ಎಂದು ತಿಳಿಯದಂತೆ ಒಳಗೆ ಪಾತ್ರೆ ಸದ್ದು ಮಾಡಿದ್ದಳು.

ಈಗ ಹಳೆಯ ಸೀರೆಯಲ್ಲಿ ಸುತ್ತಿದ ಚಿತ್ರವನ್ನು ಕಂಕುಳಲ್ಲಿ ಹಿಡಿದು ಹೋಟೆಲಿಗೆ ಬಂದವನನ್ನು ಶೀನಪ್ಪ ಬಿಟ್ಟಾನೆಯೇ? ಅವನು ಬೊಂಬಾಯಿಯಲ್ಲಿ ಒಂದು ಚಿತ್ರಶಾಲೆಯ ಎದುರಿನ ಹೋಟೆಲಿನಲ್ಲಿ ಚಾ ಕೊಟ್ಟವ. ಕಲೆಯ ಒಳಗುಟ್ಟೆಲ್ಲ ಲೋಟದ ಮೂಲಕವೇ ಅವನಿಗೆ ಗೊತ್ತು.

"ಎಷ್ಟು ಕಲಾವಿದರ ಕಣ್ಣೀರು ನೋಡಿದ್ದೇನೆ ಮಾರಾಯ! ಮೊದಲು ಗಂಟು ಬಿಚ್ಚಿದೆಯೋ, ಸತ್ತೆ. ಚೆಂದ ಇಲ್ಲ ಅಂತ ಹೇಳಿ ಕಳಿಸ್ತಾರೆ, ಆಮೇಲೆ ಅವರ ಜನದ ಕೈಯಲ್ಲಿ ಅದನ್ನೇ ಬರೆಸ್ತಾರೆ."

"ಹೌದಾ? ಮತ್ತೆ ಎಂತ ಮಾಡುವುದು?"

"ತೂಗಿಸ್ತೇನೆ ಅಂತ ಮೊದಲು ಮಾತು ತಗೊ. ಬರೀ ಮಾತಲ್ಲ, ಆಣೆ. ಮತ್ತೆ ಎಲ್ಲಿ ತೂಗಿಸುವುದು ಅಂತಲೂ ಹೇಳಿಸು. ಇಲ್ಲದಿದ್ದರೆ ಬಾಗಿಲ ಹಿಂದೆ, ಕಸಬರಿಕೆಯ ಪಕ್ಕ ಇಡ್ತಾರೆ. ನಾನೇ ನೋಡಿದ್ದೇನೆ!"

ಬಸ್ಸಿನಲ್ಲಿ ಕೂತ ರುಕ್ಮಯ್ಯನಿಗೆ ಲೋಕವೆಲ್ಲ ಕಳ್ಳರಿಂದ ತುಂಬಿದ ಹಾಗೆ ಕಂಡಿತು. ಕಂಡಕ್ಟರ್ "ಗಂಟು ಮೇಲೆ ಹಾಕುವ" ಎಂದಾಗ "ಯಾಕೆ? ನಿಮಗೆ ಯಾರು ಹೇಳಿದ್ದು?" ಎಂದು ಕೇಳಿಬಿಟ್ಟ. ಅಷ್ಟು ಸಾಕಾಯಿತು, ಮೂಡಬಿದ್ರೆಯವರೆಗೂ ಇಡೀ ಬಸ್ಸು ಆ ಗಂಟನ್ನೇ ನೋಡುತ್ತ ಬಂತು.

ಚಿತ್ರಶಾಲೆಯ ಯಜಮಾನ ಮಹಾಲಿಂಗ ಭಟ್ಟರು ಮದ್ರಾಸಿನಲ್ಲಿ ಚಿತ್ರಕಲೆ ಕಲಿತು ಬಂದವರು. ಅವರಿಗೂ ಯಾರ ಮೇಲೂ ನಂಬಿಕೆ ಇರಲಿಲ್ಲ. ಕಳೆದ ವಾರವಷ್ಟೇ ಒಬ್ಬ ಕ್ಯಾಲೆಂಡರಿನ ಲಕ್ಷ್ಮಿಯನ್ನು ಕತ್ತರಿಸಿ, ಅಡಿಯಲ್ಲಿ ತನ್ನ ಹೆಸರು ಬರೆದು ತಂದಿದ್ದ.

"ಚಿತ್ರ ತೋರಿಸಿ" ಎಂದರು ಭಟ್ಟರು.

"ತೂಗಿಸ್ತೇನೆ ಅಂತ ಮೊದಲು ಹೇಳಿ" ಎಂದ ರುಕ್ಮಯ್ಯ.

"ನೋಡದೆ ಹೇಗೆ ಹೇಳುವುದು ಮಾರಾಯ್ರೆ?"

"ಹೇಳದೆ ಹೇಗೆ ತೋರಿಸುವುದು ಭಟ್ರೇ?"

ಭಟ್ಟರು ಗಂಟನ್ನು ಮುಟ್ಟಲು ಕೈ ಚಾಚಿದರು. ರುಕ್ಮಯ್ಯ ಎರಡು ಹೆಜ್ಜೆ ಹಿಂದೆ ಸರಿದ. "ಕ್ಯಾಲೆಂಡರಿನದ್ದಾ?" ಎಂದರು ಭಟ್ಟರು. "ನಿಮ್ಮ ಗೋಡೆಯಲ್ಲಿ ಇರುವುದೆಲ್ಲ ಯಾರಿಂದ ಕದ್ದದ್ದು?" ಎಂದ ರುಕ್ಮಯ್ಯ. ಮಾತು ಮೇಲೇರಿತು. ಸದ್ದು ಕೇಳಿ ಪಕ್ಕದ ಜವಳಿ ಅಂಗಡಿಯ ಅಬ್ದುಲ್ ಶುಕೂರ್ ಗಜಕೋಲು ಹಿಡಿದುಕೊಂಡೇ ಓಡಿ ಬಂದರು.

"ಎಂತ ಗಲಾಟೆ ಇದು? ನನ್ನ ಗಿರಾಕಿಗಳೆಲ್ಲ ಎದ್ದು ಹೋಗ್ತಾ ಇದ್ದಾರೆ!"

"ಸಾಯ್ಬರೇ, ನೀವೇ ಸಾಕ್ಷಿ ಆಗಿ" ಎಂದ ರುಕ್ಮಯ್ಯ. "ಮೂಲೆಯಲ್ಲಿ ಇಡಬಾರದು. ರಸ್ತೆಯಲ್ಲಿ ಹೋಗುವ ಎಲ್ಲರಿಗೂ ಕಾಣುವ ಜಾಗದಲ್ಲಿ ತೂಗಿಸಬೇಕು. ಇಳಿಸಬಾರದು. ಹಾಗಂತ ಇವರು ಧರ್ಮಸ್ಥಳದ ಆಣೆ ಇಟ್ಟರೆ ಈಗಲೇ ಬಿಚ್ಚುತ್ತೇನೆ."

"ಒಮ್ಮೆ ಹೇಳಿ ಮುಗಿಸಿ ಭಟ್ರೇ" ಎಂದರು ಶುಕೂರ್. "ಅಲ್ಲಿ ಸೀರೆ ಅರ್ಧ ಅಳೆದು ಬಿಟ್ಟು ಬಂದಿದ್ದೇನೆ."

ಭಟ್ಟರಿಗೆ ತಲೆ ಚಿಟ್ಟು ಹಿಡಿದಿತ್ತು. ಜೊತೆಗೆ, ಇಷ್ಟು ಜೋಪಾನ ಮಾಡುವವ ನಿಜವಾಗಿಯೂ ದೊಡ್ಡ ಕಲಾವಿದನೇ ಇರಬಹುದೇ ಎಂಬ ಆಸೆಯೂ ಹುಟ್ಟಿತು. "ಆಯ್ತು ಮಾರಾಯ್ರೆ! ಮಂಜುನಾಥ ಸ್ವಾಮಿಯ ಆಣೆ. ರಸ್ತೆಗೆ ಕಾಣುವ ಹಾಗೆ ತೂಗಿಸ್ತೇನೆ, ಇಳಿಸುವುದಿಲ್ಲ!"

ಮಂಜುನಾಥನ ಆಣೆಯನ್ನು ಮುರಿಯುವ ಗಂಡಸು ಈ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ರುಕ್ಮಯ್ಯ ಗಂಟು ಬಿಚ್ಚಿದ.

ಅದು ಅವನದ್ದೇ ಮುಖದ ಚಿತ್ರ. ಅಡುಗೆಮನೆಯ ಕತ್ತಲಲ್ಲಿ, ಕ್ಷೌರದ ಕನ್ನಡಿ ನೋಡಿಕೊಂಡು ಬರೆದದ್ದು. ಮುಖ ಸರಿಯಾಗಿ ಕಾಣಲೆಂದು ಕಣ್ಣು ಬಿಡುವಷ್ಟು ಬಿಟ್ಟಿದ್ದ. ಕೈ ಸಾಲದೆ ಕೆಂಪು ಬಣ್ಣದ ಕುಂಚವನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. ಕಂಡದ್ದನ್ನು ಕಂಡ ಹಾಗೆ ಬರೆಯುವವನಾದ್ದರಿಂದ ಅದೆಲ್ಲವೂ ಚಿತ್ರದಲ್ಲಿತ್ತು. ಗದ್ದದ ಮೇಲೆ ಹರಿದ ಕೆಂಪು ಬಣ್ಣವೂ ಇತ್ತು.

ಶುಕೂರ್ ಅರ್ಧ ಅಳೆದ ಸೀರೆಯ ಕಡೆಗೆ ನಡೆದರು. ಭಟ್ಟರು ಬಹಳ ಹೊತ್ತು ಚಿತ್ರವನ್ನೂ ರುಕ್ಮಯ್ಯನನ್ನೂ ನೋಡಿದರು. ಮಂಗಳೂರಿನಿಂದ ದೊಡ್ಡ ಮನುಷ್ಯರು ಚಿತ್ರ ನೋಡಲು ಬರುವವರಿದ್ದರು. ಇತ್ತ ಆಣೆ, ಅತ್ತ ಮಾನ. ಆಮೇಲೆ ಏನು ಹೊಳೆಯಿತೋ, ಅವರ ಮುಖ ಒಮ್ಮೆಲೇ ಅರಳಿತು.

"ಭಾರೀ ಆಯ್ತು! ನೀವು ಹೊರಗೆ ಕೂತುಕೊಳ್ಳಿ. ಸಂಜೆಯೊಳಗೆ ತೂಗಿಸ್ತೇನೆ."

ಆ ನಗು ರುಕ್ಮಯ್ಯನಿಗೆ ಸರಿ ಕಾಣಲಿಲ್ಲ. ಒಳಗೆ ನಕಲು ಮಾಡಿಸುತ್ತಿದ್ದಾರೋ ಏನೋ! ಮಧ್ಯಾಹ್ನವೆಲ್ಲ ಅವನು ಜವಳಿ ಅಂಗಡಿಯ ಜಗಲಿಯಲ್ಲಿ ಕೂತು ಚಿತ್ರಶಾಲೆಯ ಬಾಗಿಲನ್ನೇ ಕಾದ. ಊಟಕ್ಕೂ ಏಳಲಿಲ್ಲ. ಎಲ್ಲಿಂದಲೋ ಮೊಳೆ ಹೊಡೆಯುವ ಸದ್ದು ಕೇಳಿದಾಗ ಎದೆ ತುಂಬಿ ಬಂತು. ಇಣುಕಿ ನೋಡಿದರೆ ಒಳಗೆ ಯಾವ ಗೋಡೆಯಲ್ಲೂ ಅವನ ಚಿತ್ರವಿಲ್ಲ. "ಎಲ್ಲಿ?" ಎಂದರೆ ಭಟ್ಟರು "ಆಗಿದೆ, ಆಗಿದೆ" ಎಂದು ಒಳಗೇ ಮಾಯವಾದರು.

ಅಷ್ಟರಲ್ಲಿ ಬಂಟ್ವಾಳದ ಬಸ್ಸು ಬಂದು, ಕೊಡೆ ಹಿಡಿದ ಧರ್ಣಪ್ಪ ಇಳಿದ. ರುಕ್ಮಯ್ಯ ರಸ್ತೆಗೆ ಓಡಿ ಬಂದ.

"ಮಾವ, ಒಳಗೆ ಎಲ್ಲೋ ಉಂಟು..."

ಧರ್ಣಪ್ಪ ತಲೆ ಎತ್ತಿ ನೋಡುತ್ತ ನಿಂತಿದ್ದ. ಬಸ್ಸಿನಿಂದ ಇಳಿದವರೆಲ್ಲ ಹಾಗೆಯೇ ನಿಂತಿದ್ದರು.

ರುಕ್ಮಯ್ಯನೂ ತಲೆ ಎತ್ತಿದ. ಚಿತ್ರಶಾಲೆಯ ಮೇಲೆ ಭಟ್ಟರು ಕಟ್ಟಿಸುತ್ತಿದ್ದ ಮಾಳಿಗೆ ಅರ್ಧ ಎದ್ದು ನಿಂತಿತ್ತು. ಅದರ ಬಿದಿರಿನ ಕಂಬಕ್ಕೆ, ಇಡೀ ಪೇಟೆಗೆ ಕಾಣುವ ಹಾಗೆ, ರುಕ್ಮಯ್ಯ ನೇತಾಡುತ್ತಿದ್ದ. ಅವನ ಗದ್ದದ ಕೆಳಗೆ ಒಂದು ಲಿಂಬೆಹಣ್ಣು, ನಾಲ್ಕು ಮೆಣಸು, ಒಂದು ಹಳೆಯ ಚಪ್ಪಲಿ.

"ಆಣೆ ಅಂದರೆ ಆಣೆ" ಎಂದು ಭಟ್ಟರು ಹೊರಗೆ ಬಂದರು. "ರಸ್ತೆಗೆ ಕಾಣ್ತದಾ ಇಲ್ವಾ, ಹೇಳಿ? ಈ ಮಾಳಿಗೆ ಶುರು ಮಾಡಿದಂದಿನಿಂದ ಊರವರ ಕಣ್ಣು ಬಿದ್ದು ಕೆಲಸವೇ ಮುಂದೆ ಹೋಗ್ತಿರಲಿಲ್ಲ. ಇಂಥ ದೃಷ್ಟಿಬೊಂಬೆ ಹುಡುಕಿದರೂ ಸಿಗುವುದಿಲ್ಲ!"

ಬಸ್ಸಿನಿಂದ ಇಳಿದ ಮಿಜಾರು ಊರಿನ ಒಬ್ಬರು ಮುಂದೆ ಬಂದು, "ಇದು ಮಾಡಿದ್ದು ಯಾರು? ನಾವೂ ಮನೆ ಕಟ್ಟಿಸ್ತಾ ಇದ್ದೇವೆ" ಎಂದರು.

ರುಕ್ಮಯ್ಯ ಕೊನೆಯ ಹುಲ್ಲುಕಡ್ಡಿ ಹಿಡಿದ. "ಮಾವ, ನಾಲ್ಕು ಜನ ನೋಡುವ ಹಾಗೆ ನೇತಾಡ್ತಾ ಉಂಟು. ನೀವು ಮಾತು ಕೊಟ್ಟಿದ್ದೀರಿ."

"ಕೊಟ್ಟಿದ್ದೇನೆ" ಎಂದ ಧರ್ಣಪ್ಪ. ಹತ್ತು ವರ್ಷಗಳಲ್ಲಿ ಮೊದಲ ಸಲ ಅಳಿಯನ ಹೆಗಲ ಮೇಲೆ ಕೈ ಇಟ್ಟ. "ನೀನು ಕಲಾವಿದನೇ, ನನ್ನದೇ ತಪ್ಪು. ಇನ್ನು ನೀನು ಹಂಚು ಎಣಿಸಬೇಡ."

ರುಕ್ಮಯ್ಯನಿಗೆ ಹೋದ ಜೀವ ಬಂದಂತಾಯಿತು.

"ಹಂಚು ಕೊಳ್ಳಲು ಬರುವವರೆಲ್ಲ ಮನೆ ಕಟ್ಟುವವರೇ ಅಲ್ವಾ?" ಎಂದು ಧರ್ಣಪ್ಪ ಮುಂದುವರಿಸಿದ. "ನಾಳೆಯಿಂದ ಅಂಗಡಿಯ ಬಾಗಿಲಲ್ಲಿ ಕೂತು ಇದನ್ನೇ ಬರಿ. ಒಂದು ಮನೆಯ ಹಂಚು ಕೊಂಡವರಿಗೆ ನಿನ್ನ ಮುಖ ಒಂದು ಪುಕ್ಕಟೆ."

ರುಕ್ಮಯ್ಯನ ಕಣ್ಣು ಅಗಲವಾಯಿತು, ಬಾಯಿ ತೆರೆದೇ ಉಳಿಯಿತು.

"ಹಾಂ, ಇದೇ!" ಎಂದು ಧರ್ಣಪ್ಪ ಕೊಡೆ ಮಡಚಿದ. "ಬಂಟ್ವಾಳ ಮುಟ್ಟುವವರೆಗೂ ಈ ಮುಖ ಹೀಗೇ ಇರಲಿ, ಮಾರಾಯ."