ಲಿಫ್ಟಿಗೆ ಬೆಲ್ಲ ನೀರು ಕೊಡುವ ಕೆಲಸ ನನಗೇ ಇರಲಿ

ಇಂದ:
ತುಕ್ರ, ಲಿಫ್ಟ್ ಆಪರೇಟರ್ (ಸದ್ಯ ‘ಅರ್ಥಪೂರ್ಣ ವೃತ್ತಿ ಮಾರ್ಗದರ್ಶಕ’),
ಪಡುಗಾಳಿ ಸರಕು ಸಾಗಾಟ ಕಂಪೆನಿ, ಕೊಟ್ಟಾರ, ಮಂಗಳೂರು.

ಗೆ:
ಎಡ್ವಿನ್ ಸರ್, ವ್ಯವಸ್ಥಾಪಕರು,
ಅದೇ ಕಂಪೆನಿ, ಅದೇ ಕಟ್ಟಡ, ಐದನೇ ಮಾಳಿಗೆ.

ವಿಷಯ: ನನ್ನ ಬಡ್ತಿಯನ್ನು ಹಿಂದೆ ತೆಗೆದುಕೊಂಡು ಪುನಃ ಲಿಫ್ಟಿಗೆ ಹಾಕುವ ಬಗ್ಗೆ.

ಉಲ್ಲೇಖ: ೧) ‘ಕೆಲಸದಲ್ಲಿ ಅರ್ಥ’ ಎಂಬ ಸುತ್ತೋಲೆ.
೨) ಮೊನ್ನೆ ಮೆಟ್ಟಿಲಲ್ಲಿ ಏದುಸಿರು ಬಿಡುತ್ತಾ ತಾವು ಹೇಳಿದ “ಎಲ್ಲ ಬರೆದು ಕೊಡಿ ಮಾರಾಯ್ರೆ, ನೋಡುವ” ಎಂಬ ಮಾತು.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಇದು ಶುರುವಾದದ್ದು ಆಟಿ ತಿಂಗಳ ಒಂದು ಬೆಳಿಗ್ಗೆ, ಆಫೀಸು ತೆರೆಯುವ ಹೊತ್ತಿಗೆ. ಹೊರಗೆ ಮಳೆ, ಒಳಗೆ ಕರೆಂಟಿಲ್ಲ. ತಾವು ಆಗಿನ್ನೂ ಬಿಲ್ಲು ಬರೆಯುತ್ತಿದ್ದಿರಿ. ತಮಗೊಂದು ನೀಲಿ ರೈನ್‌ಕೋಟು ಇತ್ತು, ಒಂದು ಗುಂಡಿ ಇರಲಿಲ್ಲ. ನಾನೂ ಟೆಲಿಫೋನ್ ನೋಡಿಕೊಳ್ಳುವ ಡಾಲಿ ಬಾಯಿಯೂ ಲಿಫ್ಟಿನೊಳಗೆ ಸಿಕ್ಕಿಬಿದ್ದೆವು. ಕೊನೆಗೆ ಲಿಫ್ಟು ಕೆಳಗಿಳಿದಾಗ ಅವರು, “ಅದಕ್ಕೂ ಆಯಾಸ ಆಗ್ತದೆ ತುಕ್ರಣ್ಣ. ನಿಮ್ಮಲ್ಲಿ ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುದಲ್ವಾ? ಇದು ದಿನಾ ಬರ್ತದೆ. ಒಂದು ದಿನ ಆದ್ರೂ ಕೇಳಿದ್ದೀರಾ?” ಎಂದು ತಮಾಷೆ ಮಾಡಿದರು.

೨. ತಮಾಷೆ ಹೌದು, ಆದರೆ ಕೇಳದೇ ಇದ್ದದ್ದೂ ಹೌದು. ಆದ್ದರಿಂದ ಮರುದಿನದಿಂದ ಲಿಫ್ಟು ಬೆಳಿಗ್ಗೆ ಮೊದಲ ಸಲ ಕೆಳಗೆ ಬಂದಾಗ ಅದರ ಮೂಲೆಯಲ್ಲಿ ಒಂದು ಲೋಟ ನೀರು, ಒಂದು ತುಂಡು ಬೆಲ್ಲ ಇಡತೊಡಗಿದೆ. ಸ್ವಲ್ಪ ಹೊತ್ತು ಕಾದು, ಅದು ಕುಡಿಯದ ಕಾರಣ, ನಾನೇ ಕುಡಿಯುತ್ತಿದ್ದೆ.

೩. ಅದಕ್ಕೆ ಮೊದಲು ನನ್ನ ಕೆಲಸವೆಂದರೆ ಇಡೀ ದಿನ ಪ್ರಯಾಣ ಮಾಡಿ ಸಂಜೆಗೆ ಹೊರಟಲ್ಲಿಯೇ ಇರುವುದು. “ಇವತ್ತು ಎಂತ ಮಾಡಿದ್ರಿ?” ಎಂದು ನನ್ನ ಹೆಂಡತಿ (ಹೆಸರು ಬಾಗಿ) ಕೇಳಿದರೆ ಹೇಳಲು ಏನೂ ಇರುತ್ತಿರಲಿಲ್ಲ. ಬೆಲ್ಲ ನೀರು ಶುರುವಾದ ಮೇಲೆ ಬಾಗಿಲು ತೆರೆದಾಗಲೆಲ್ಲ ನೆಂಟರು ಬಂದ ಹಾಗಾಯಿತು. “ಯಾರೆಲ್ಲ ಬಂದಿದ್ರು?” ಎಂದು ಬಾಗಿ ಕೇಳುವುದು, ಗಂಜಿ ತಣಿಯುವ ತನಕ ನಾನು ಹೇಳುವುದು.

೪. ಹೀಗಿರಲಾಗಿ, ಸಿಬ್ಬಂದಿ ತರಬೇತಿಗೆಂದು ಹೆಡ್ಡಾಫೀಸಿನಿಂದ ಬಂದ ಮನ್ವಿತಾ ಮೇಡಂ ಇದನ್ನು ನೋಡಿದರು. “ತುಕ್ರಣ್ಣ, ಇದು ಎಂತ ಅಂತ ನಿಮಗೆ ಗೊತ್ತುಂಟಾ?” ಎಂದು ಕೇಳಿದರು. ಬೆಲ್ಲ ಎಂದೆ. ಅಲ್ಲವಂತೆ, ‘ವೃತ್ತಿಗೆ ಅರ್ಥ ತುಂಬುವ ವೈಯಕ್ತಿಕ ಅಭ್ಯಾಸ’ವಂತೆ. ಕಾರಣ, ಸದರಿ ವೈಯಕ್ತಿಕ ಅಭ್ಯಾಸವನ್ನು ಸರ್ವರೂ ಕಡ್ಡಾಯವಾಗಿ ಮಾಡತಕ್ಕದ್ದೆಂದು ಸುತ್ತೋಲೆಯಾಯಿತು. ಅವರವರ ಯಂತ್ರಕ್ಕೆ ಅವರವರು ಬೆಲ್ಲ ನೀರು ಕೊಟ್ಟು, ಫೋಟೋ ತೆಗೆದು, ವಾಟ್ಸಾಪ್ ಗ್ರೂಪಿಗೆ ಹಾಕುವುದು.

೫. ತಾವು ಕಂಪ್ಯೂಟರಿಗೆ ಕೊಟ್ಟ ಲೋಟ ಮಗುಚಿದ ಸಂಗತಿಯನ್ನು ನಾನು ಇಲ್ಲಿ ಬರೆಯುವುದಿಲ್ಲ. ರಂಝಾನ್ ತಿಂಗಳಲ್ಲಿ ಲೆಕ್ಕಪತ್ರದ ಬಶೀರ್ ಸಾಹೇಬರು, “ನನ್ನ ಪ್ರಿಂಟರಿಗೂ ಉಪವಾಸ ಮೇಡಂ, ಹಗಲು ನೀರು ಬೇಡ” ಎಂದರು. ಮೇಡಂ ನಗಲಿಲ್ಲ. ಸ್ಪಷ್ಟನೆ ಕೋರಿ ಹೆಡ್ಡಾಫೀಸಿಗೆ ಬರೆದರು. ಉತ್ತರ ಬರುವವರೆಗೆ ಪ್ರಿಂಟರಿಗೆ ಸಂಜೆ ಖರ್ಜೂರ ಮಂಜೂರಾಯಿತು.

೬. ನನಗೆ ಬಡ್ತಿಯಾಯಿತು. ನಾಲ್ಕನೇ ಮಾಳಿಗೆಯಲ್ಲಿ ಗಾಜಿನ ಕೋಣೆ, ತಿರುಗುವ ಕುರ್ಚಿ. ಲಿಫ್ಟಿನ ಬಟನ್ ಬಂದವರೇ ಒತ್ತಿಕೊಳ್ಳಬೇಕು. ನನ್ನ ಕೆಲಸ, ಬೆಲ್ಲ ನೀರು ಕೊಡುವುದು ಹೇಗೆಂದು ತೋರಿಸುವುದು. “ಇನ್ನೊಮ್ಮೆ ತುಕ್ರಣ್ಣ, ಈ ಸಲ ಸ್ವಲ್ಪ ಮನಸ್ಸಿಟ್ಟು” ಎಂದು ಮೇಡಂ ಮೊಬೈಲ್ ಹಿಡಿಯುತ್ತಾರೆ. ಒಬ್ಬ ನೆಂಟನನ್ನು ಒಂದೇ ಬಾಗಿಲಲ್ಲಿ ಮತ್ತೆ ಮತ್ತೆ ‘ಬನ್ನಿ’ ಎಂದರೆ ಅವನಿಗೂ ಸಂಶಯ ಬರುತ್ತದೆ ಸ್ವಾಮಿ. ಮನೆಯಲ್ಲಿ ಬಾಗಿ ಈಗ ಯಾರು ಬಂದಿದ್ದರೆಂದು ಕೇಳುವುದಿಲ್ಲ. “ಕೂತು ಕೂತು ಬೆನ್ನು ನೋಯ್ತದಾ?” ಎನ್ನುತ್ತಾಳೆ.

೭. ತರಬೇತಿಯ ಸಮಾರೋಪದಂದು ಸಮಸ್ತ ಸಿಬ್ಬಂದಿಯೂ ತಲಾ ಒಂದು ಅಚ್ಚು ಬೆಲ್ಲವನ್ನು ಲಿಫ್ಟಿನೊಳಗಿಟ್ಟು ಚಪ್ಪಾಳೆ ತಟ್ಟಿದರು. ಇರುವೆಗಳು ಬಂದವು. ಅವುಗಳನ್ನು ನಾನು ದೂರುವುದಿಲ್ಲ, ಕರೆದ ಕಾರಣ ಬಂದವು. ಆದರೆ ಬಟನ್ನಿನ ಪೆಟ್ಟಿಗೆಗೆ ಹೊಕ್ಕ ಕಾರಣ ಲಿಫ್ಟು ಮೇಡಮ್ಮನವರನ್ನು ಒಳಗಿಟ್ಟುಕೊಂಡು ನಿಂತುಬಿಟ್ಟಿತು. ಆ ವೇಳೆ ಡಾಲಿ ಬಾಯಿ ಹೊರಗಿನಿಂದ “ಹೆದರ್ಬೇಡಿ ಮೇಡಂ, ತಿನ್ಲಿಕ್ಕೆ ಬೆಲ್ಲ ಉಂಟಲ್ಲ!” ಎಂದು ಕೂಗಿದ್ದು ಶಿಸ್ತು ಕ್ರಮಕ್ಕೆ ಯೋಗ್ಯವಾದರೂ ಮನ್ನಿಸತಕ್ಕದ್ದು. ಅಂದಿನಿಂದ ಲಿಫ್ಟು ಬಂದ್.

ಆದ್ದರಿಂದ ತಾವು ದಯಮಾಡಿ ಸುತ್ತೋಲೆ ರದ್ದುಪಡಿಸಿ, ಲಿಫ್ಟನ್ನು ರಿಪೇರಿ ಮಾಡಿಸಿ, ನನ್ನನ್ನು ಅದರೊಳಗೆ ಹಾಕಿ, ಬೆಳಿಗ್ಗೆ ಸ್ವಲ್ಪ ಹೊತ್ತು ಯಾರೂ ನೋಡದಂತೆ ಬಾಗಿಲು ಮುಚ್ಚಿಕೊಳ್ಳಲು ಅನುಮತಿ ಕೊಡಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿಯೂ, ಇಷ್ಟವಿಲ್ಲದೆ ಮೇಲೇರಿದವನೂ ಆದ,
ತುಕ್ರ
ಸೋಮವಾರ

ಅಡಕ: ೧) ಬಡ್ತಿ ಆದೇಶ, ಮೂಲ ಪ್ರತಿ.
೨) ಗಾಜಿನ ಕೋಣೆಯ ಬೀಗದ ಕೈ.
೩) ಬೆಲ್ಲ, ಒಂದು ಅಚ್ಚು (ಇರುವೆ ಸಹಿತ).

ವಿ.ಸೂ.: ಇದನ್ನು ಕೊಡಲು ಮರುದಿನ ಬಂದಾಗ ತಾವು ಮೀಟಿಂಗಿನಲ್ಲಿದ್ದಿರಿ. ಕೆಳಗಿಳಿದು ನೋಡಿದರೆ ಲಿಫ್ಟಿನ ಜಾಗ ಖಾಲಿ. ಕೂಳೂರಿನ ಗುಜರಿಯವರು ಬಿಚ್ಚಿ ಟೆಂಪೋಕ್ಕೆ ಹಾಕಿಕೊಂಡು ಹೋದರಂತೆ. “ಹೊಸತು ಬರ್ತದೆ ತುಕ್ರಣ್ಣ. ಬಾಗಿಲು ತೆಗೆದ ಕೂಡ್ಲೇ ಅದೇ ‘ಸ್ವಾಗತ’ ಹೇಳ್ತದಂತೆ” ಎಂದರು ಡಾಲಿ ಬಾಯಿ. ತಮಾಷೆ ಮಾಡಲಿಲ್ಲ. ಹೊರಟವರನ್ನು ‘ಹೋಗಿ ಬನ್ನಿ’ ಎನ್ನದೆ ಕಳುಹಿಸುವ ಕ್ರಮ ನಮ್ಮಲ್ಲಿಲ್ಲ. ಕಾರಣ, ಮೇಲಿನ ಪ್ರಾರ್ಥನೆಯನ್ನು ಕೈಬಿಟ್ಟು, ಕೂಳೂರಿಗೆ ಹೋಗಲು ನನಗೆ ಅರ್ಧ ದಿನದ ರಜೆ ಮಂಜೂರು ಮಾಡಬೇಕು. ಲಿಫ್ಟು ಹೋದದ್ದು, ನೆಂಟರನ್ನು ಯಾರೂ ಕಳುಹಿಸದ ಮಂಗಳವಾರ.