ಗಂಟೆ ಬಿಚ್ಚಿದ ಸೈಕಲ್ಲು ಮತ್ತು ಹತ್ತು ಗುಳಿಗೆ

ನಮ್ಮ ಕಡೆ ಕಾಲುವೆಗೆ ನೀರು ಬಿಟ್ಟ ಮೂರನೆಯ ವರ್ಷ, ಶ್ರಾವಣದ ಒಂದು ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಸೇತುವೆಯ ಮೇಲಿರಲಿಲ್ಲ. ಸೇತುವೆಯ ಎಡಕ್ಕೆ, ಕಾಲುವೆಯ ಏರಿಯ ಮೇಲೆ, ಹದಿನೈದು ಹೆಜ್ಜೆ ದೂರದಲ್ಲಿ, ಒಂದು ಕಾಲು ನೆಲದ ಮೇಲೆ, ಇನ್ನೊಂದು ಸೈಕಲ್ಲಿನ ಪೆಡಲ್ ಮೇಲೆ ಇಟ್ಟು ನಿಂತಿದ್ದೆ. ಹೆಜ್ಜೆಗಳನ್ನು ಆಮೇಲೆ ಹೋಗಿ ಎಣಿಸಿದೆ. ನಾಲ್ಕು ಸಲ ಎಣಿಸಿದೆ. ಮೂರು ಸಲ ಹದಿನೈದು ಬಂತು, ಒಂದು ಸಲ ಹದಿನಾರು. ಆ ಹದಿನಾರನೆಯ ಹೆಜ್ಜೆಯ ಬಗ್ಗೆ ಒಂದು ವಾರ ಊಟ ಸೇರಲಿಲ್ಲ ಎಂದರೆ ನನ್ನ ಸ್ವಭಾವ ಎಂಥದು ಎಂಬುದು ನಿಮಗೆ ಇಷ್ಟರಲ್ಲೇ ತಿಳಿದಿರಬೇಕು.

ನಾನು ರಂಗಂಪೇಟೆಯವನು. ಸೈಕಲ್ ಮೇಲೆ ಮುಕ್ಕಾಲು ಗಂಟೆಯ ದಾರಿಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಕಾಲುವೆ ಬರುವ ಮೊದಲು ಆ ದಾರಿಯಲ್ಲಿ ದಾಟುವಂಥದ್ದು ಏನೂ ಇರಲಿಲ್ಲ. ಎರೆ ಹೊಲ, ಜಾಲಿ ಗಿಡ, ಮತ್ತೆ ಎರೆ ಹೊಲ. ಕಾಲುವೆ ಬಂದ ಮೇಲೆ ಒಂದು ಸೇತುವೆ ಬಂತು. ಎರಡೂ ಬದಿಗೆ ತಡೆಗೋಡೆ ಇನ್ನೂ ಬಂದಿರಲಿಲ್ಲ. ಆ ದಿನ ಬೀರಪ್ಪನ ಕುರಿಗಳು ಅದನ್ನು ದಾಟುತ್ತಿದ್ದವು. ಬೀರಪ್ಪ ನಮ್ಮ ಶಾಲೆಯ ಊರಿನ ಕುರಿಗಾರ, ನನಗಿಂತ ಹತ್ತು ವರ್ಷ ದೊಡ್ಡವನು. ಅವನು ಹಿಂಡಿನ ಹಿಂದಿದ್ದ. ಮುಂದೆ ಹೋಗಿದ್ದ ಹೋತ ಆಗಲೇ ಆಚೆ ದಡ ಸೇರಿ ಜಾಲಿ ಸೊಪ್ಪಿಗೆ ಕತ್ತು ಚಾಚಿ ನಿಂತಿತ್ತು. ಇದ್ದಕ್ಕಿದ್ದಂತೆ ಸೇತುವೆಯ ನಡುವಿದ್ದ ಒಂದು ಕುರಿ ಎಡಕ್ಕೆ ಹೊರಳಿ ನೀರಿಗೆ ಬಿತ್ತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು. ಯಾವುದೂ ಅವಸರ ಮಾಡಲಿಲ್ಲ. ಹನ್ನೊಂದು ಕುರಿ ಹೋದವು. ಬೀರಪ್ಪ ಹಾರಿದ. ಒಂದನ್ನೂ ಹಿಡಿಯಲಾಗದೆ ಅರ್ಧ ಫರ್ಲಾಂಗು ಕೆಳಗೆ ಬಟ್ಟೆ ಒಗೆಯುವ ಮೆಟ್ಟಿಲ ಹತ್ತಿರ ತೇಲಿ ಬಂದ. ಅಲ್ಲಿ ಬಟ್ಟೆ ಒಗೆಯುತ್ತಿದ್ದ ನಾಗಮ್ಮ ಕೈಯಲ್ಲಿದ್ದ ಸೀರೆ ಎಸೆದು ಅವನನ್ನು ಎಳೆದುಕೊಂಡಳು.

ಇದನ್ನೇ ನಾನು ಎಲ್ಲರಿಗೂ ಹೇಳಿದ್ದು. ಸೇತುವೆಗೆ ತಡೆಗೋಡೆ ಬೇಕೆಂದು ಊರವರು ಕೊಟ್ಟ ಅರ್ಜಿಯನ್ನು ದುಂಡಗೆ ಬರೆದವನೂ ನಾನೇ. ಕೆಳಗೆ ‘ಪ್ರತ್ಯಕ್ಷದರ್ಶಿ’ ಎಂದು ರುಜು ಹಾಕಿದೆ. ಬೀರಪ್ಪ ಹೆಬ್ಬೆಟ್ಟು ಒತ್ತಿದ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಒಂದು ವಾಕ್ಯ ಮಾತ್ರ ಕಡಿಮೆ ಇತ್ತು. ನನಗೆ ಶಾಲೆಗೆ ಹೊತ್ತಾಗಿತ್ತು. ಕುರಿಗಳು ಬೇಗ ಸರಿಯಲಿ ಎಂದು ಏರಿಯ ಮೇಲಿಂದ ಸೈಕಲ್ ಗಂಟೆ ಬಾರಿಸಿದ್ದೆ. ಎರಡು ಸಲ. ನಮ್ಮ ಕಡೆ ಹುಟ್ಟಿದವರಿಗೆಲ್ಲ ಗೊತ್ತಿರುವ ಸಂಗತಿ: ಹಿಂಡು ನಡೆಯುವುದು ಮುಂದಿನ ಹೋತದ ಕೊರಳ ಗಂಟೆಯ ಸದ್ದಿನ ಹಿಂದೆ. ಹೋತ ಆಗ ಸೊಪ್ಪು ತಿನ್ನುತ್ತಿತ್ತು, ಅದರ ಗಂಟೆ ಸುಮ್ಮನಿತ್ತು. ಸದ್ದು ಮಾಡಿದ್ದು ನನ್ನದು.

ಆ ಸಂಜೆಯೇ ಗಂಟೆ ಬಿಚ್ಚಿ ಟ್ರಂಕಿನ ತಳಕ್ಕೆ ಹಾಕಿದೆ. ನನ್ನ ಹೆಂಡತಿ ಈರಮ್ಮ, “ಗಂಟಿ ಏನಾತ್ರೀ?” ಎಂದಳು. ಕಳುವಾಯಿತು ಎಂದೆ. “ಸೈಕಲ್ ಬಿಟ್ಟು ಗಂಟಿ ಅಷ್ಟ ಒಯ್ದಾನ? ಕಳ್ಳಗೂ ಇದರ ಹಣೇಬರಹ ಗೊತ್ತದ ಬಿಡ್ರಿ,” ಎಂದಳು.

ಮರುದಿನದಿಂದ ನನ್ನ ತೊಂದರೆ ಶುರುವಾಯಿತು. ಸೇತುವೆ ಕಂಡರೆ ಸಾಕು, ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು, ಉಸಿರು ಅರ್ಧಕ್ಕೇ ನಿಲ್ಲುವುದು. ಒಬ್ಬನೇ ದಾಟುವುದು ಆಗುತ್ತಲೇ ಇರಲಿಲ್ಲ. ಯಾರಾದರೂ ಬಂದರೆ ಅವರ ಮಗ್ಗುಲಲ್ಲಿ, ನಡುಮಧ್ಯೆ, ಕಣ್ಣು ಕೆಳಗೆ ಹಾಕಿ ದಾಟುತ್ತಿದ್ದೆ. ಆದರೆ ಮಾಸ್ತರನಾದವನು ಸೇತುವೆಯ ತುದಿಯಲ್ಲಿ ಸುಮ್ಮನೆ ನಿಂತರೆ ಜನ ಏನೆಂದಾರು? ಅದಕ್ಕೆ ಒಂದು ಉಪಾಯ ಮಾಡಿದೆ. ಅಲ್ಲಿಗೆ ಬಂದ ಕೂಡಲೇ ಇಳಿದು ಸೈಕಲ್ಲಿನ ಚೈನು ನಾನೇ ಕಳಚಿ, ಅದನ್ನು ಹಾಕುವವನಂತೆ ಕುಕ್ಕರಗಾಲಲ್ಲಿ ಕೂರುವುದು. ಯಾವುದಾದರೂ ಬಂಡಿ ಬಂದಾಗ ಚೈನು ಸರಿಯಾಗಿಬಿಡುತ್ತಿತ್ತು. “ಮಾಸ್ತರ್ರ, ಈ ಸೈಕಲ್ ಮಾರಿಬಿಡ್ರಿ, ನಿಮ್ಮ ಜೀವಾ ತಿಂತದ,” ಎಂದು ಬಂಡಿಯವರು ಮರುಗುತ್ತಿದ್ದರು. ಪ್ರಾರ್ಥನೆಯ ಹೊತ್ತಿಗೆ ಮಕ್ಕಳೆದುರು ಕೈಮುಗಿದರೆ ಎರಡೂ ಅಂಗೈ ಕರ್ರಗೆ. ಅದೂ ದಿನವೂ ತಡ. ಹೆಡ್‌ಮಾಸ್ತರು ಮೂರು ಸಲ ಬಾಯಲ್ಲಿ ಹೇಳಿದರು, ನಾಲ್ಕನೆಯ ಸಲ ಕಾಗದದಲ್ಲಿ ಬರೆದುಕೊಟ್ಟರು. ಹೀಗೇ ನಡೆದರೆ ಮೇಲಿನವರಿಗೆ ತಿಳಿಸಬೇಕಾಗುತ್ತದೆ ಎಂದಿತ್ತು ಅದರಲ್ಲಿ. ಆ ಕಾಗದವೇ ನನ್ನನ್ನು ಯಾದಗಿರಿಯ ಬಸ್ಸು ಹತ್ತಿಸಿತು.

ಅಲ್ಲಿನ ಡಾಕ್ಟರು ವಯಸ್ಸಾದವರು, ಮೆತ್ತಗಿನ ಮನುಷ್ಯ. ಎಲ್ಲ ಕೇಳಿದರು. ನಾನೂ ಎಲ್ಲ ಹೇಳಿದೆ, ಗಂಟೆಯೊಂದನ್ನು ಬಿಟ್ಟು. “ಇದು ಅಂಜಿಕೆಯ ಬ್ಯಾನಿ ಮಾಸ್ತರ್ರ. ಹುಚ್ಚಲ್ಲ. ದಿನಾ ಒಂದು ಗುಳಿಗಿ. ಗುಣ ಕಾಣಾಕ ಮೂರು ನಾಕು ವಾರ ಹಿಡೀತದ. ನಿಮ್ಮಷ್ಟಕ್ಕ ನೀವ ನಡುವ ನಿಲ್ಲಸಬ್ಯಾಡ್ರಿ,” ಎಂದು ಹತ್ತು ಗುಳಿಗೆಯ ಹಸಿರು ಹಾಳೆ ಕೊಟ್ಟು, ಹತ್ತು ದಿನಕ್ಕೆ ಮತ್ತೆ ಬರಹೇಳಿದರು. ನಡುವೆ ನಿಲ್ಲಿಸುವ ಪ್ರಶ್ನೆಯೇ ಬರಲಿಲ್ಲ. ನಾನು ಶುರುವೇ ಮಾಡಲಿಲ್ಲ.

ಗುಳಿಗೆಯ ಜೊತೆ ಮಡಿಚಿದ ಒಂದು ಇಂಗ್ಲಿಷ್ ಚೀಟಿ ಇತ್ತು. ಇರುವೆ ಸಾಲಿನಂಥ ಅಕ್ಷರ. ಶಾಲೆಯ ನಿಘಂಟು ತಂದು ಎರಡು ದಿನ ಕೂತು ಅರ್ಥ ಮಾಡಿಕೊಂಡೆ. ಬಾಯಿ ಒಣಗಬಹುದು, ಬೆವರಬಹುದು, ಹೊಟ್ಟೆ ತೊಳಸಬಹುದು, ನಿದ್ದೆ ಕೆಡಬಹುದು ಎಂದಿತ್ತು. ಮೂರನೆಯ ದಿನದ ಹೊತ್ತಿಗೆ ಆ ನಾಲ್ಕೂ ನನಗೆ ಬಂದವು, ಒಂದೂ ಗುಳಿಗೆ ನುಂಗದೆ. ಜೊತೆಯ ಮಾಸ್ತರ ಮಲ್ಲಣ್ಣನಿಗೆ ಗುಟ್ಟಾಗಿ ಹೇಳಿದೆ. “ತಗೋಬ್ಯಾಡ್ರಿ ಸರ. ಅದನ್ನ ನುಂಗಿದ್ರ ಯಾವುದಕ್ಕೂ ಅಂಜಿಕಿ ಬರಂಗಿಲ್ಲಂತ. ನಾಳೆ ಹೆಡ್‌ಮಾಸ್ತರಗ ಏನಾರ ಅಂದುಬಿಟ್ರ?” ಎಂದ. ಆಮೇಲೆ ಸ್ವಲ್ಪ ಯೋಚಿಸಿ, “ಒಂದು ನನಗ ಕೊಡ್ರಿ,” ಎಂದ. ಕೊಡಲಿಲ್ಲ.

ಗುಳಿಗೆ ಮೊದಲು ದೇವರ ಜಗುಲಿಯ ಮೇಲಿತ್ತು, ಆಮೇಲೆ ಕ್ಯಾಲೆಂಡರಿನ ಹಿಂದೆ, ಆಮೇಲೆ ಅಂಗಿಯ ಜೇಬಿನಲ್ಲಿ. ದಿನವೂ ಎಣಿಸುತ್ತಿದ್ದೆ. ಹತ್ತೇ ಇರುತ್ತಿದ್ದವು. ಈರಮ್ಮ ಎರಡು ವಾರ ನೋಡಿದಳು. “ನುಂಗೂದರ ನುಂಗ್ರಿ, ಇಲ್ಲ ತಿಪ್ಪಿಗೆ ಒಗೀರಿ. ಜೇಬಿನ್ಯಾಗ ಇಟ್ಟು ತಿರಗಿದ್ರ ಗುಣ ಆಗಾಕ ಅದೇನ್ ತಾಯತ ಏನ್ರೀ?” ಎಂದಳು. ಆಮೇಲೆ ದನಿ ತಗ್ಗಿಸಿ, “ರಾತ್ರಿ ನೀವು ಎದ್ದು ಕುಂತು ಗುಳಿಗಿ ಎಣಿಸೂದು ನನಗ ಕಾಣತದ. ಎಷ್ಟಂತ ಕಾಣದವ್ರಂಗ ಇರಲಿ?” ಎಂದಳು. ನಾನು ಹಾಳೆಯನ್ನು ಮತ್ತೆ ಜೇಬಿಗೇ ಸೇರಿಸಿದೆ.

ನಿಜ ಹೇಳಿದರೆ ನಾನು ಅಂಜಿದ್ದು ಚೀಟಿಯಲ್ಲಿದ್ದುದಕ್ಕಲ್ಲ. ಗುಳಿಗೆ ಕೆಲಸ ಮಾಡಿಬಿಟ್ಟರೆ ಎಂದು ಅಂಜಿದ್ದೆ. ಹನ್ನೊಂದು ಕುರಿಗೆ ಪ್ರತಿಯಾಗಿ ನನ್ನ ಹತ್ತಿರ ಇದ್ದದ್ದು ಈ ಎದೆಬಡಿತ ಒಂದೇ. ಅದನ್ನೂ ನೀರಿನ ಜೊತೆ ನುಂಗಿ ಹಾಯಾಗಿ ಸೇತುವೆ ದಾಟುವುದೆಂದರೆ, ಹೇಳದೆ ಉಳಿಸಿಕೊಂಡ ವಾಕ್ಯ ಎಂದಿಗೂ ಹೇಳದೆಯೇ ಉಳಿದಂತೆ. ಇಷ್ಟು ದೊಡ್ಡ ತರ್ಕವನ್ನು ನಾನು ಚೈನಿನ ಎದುರು ಕುಕ್ಕರಗಾಲಲ್ಲಿ ಕೂತು ಮಾಡುತ್ತಿದ್ದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ಹಾಗೆ ಕೂತಿದ್ದಾಗಲೇ ಒಂದು ಬೆಳಿಗ್ಗೆ ಬೀರಪ್ಪ ಹಿಂಡಿನೊಂದಿಗೆ ಬಂದ. ಹಿಂಡು ಇನ್ನು ಗಂಟೆಯ ಸದ್ದು ನಂಬಿ ನಡೆಯುವುದು ಬೇಡ ಎಂದಿರಬೇಕು, ಹೋತದ ಕೊರಳ ಗಂಟೆಗೆ ಅರಿವೆ ಸುತ್ತಿದ್ದ. ನನ್ನ ಪಕ್ಕದಲ್ಲೇ ಕೋಲೂರಿ ಕೂತ.

“ಚೈನ್ ಬಿದ್ದೈತೇನ್ರಿ?”

“ಹೌದು ಬೀರಪ್ಪ.”

“ದಿನಾ ಬೀಳತೈತಿ.”

ನಾನು ಚೈನು ನೋಡುತ್ತಲೇ ಹೇಳಿದೆ. ಎಲ್ಲಿ ನಿಂತಿದ್ದೆ, ಎಷ್ಟು ಸಲ ಬಾರಿಸಿದೆ, ಯಾಕೆ ಬಾರಿಸಿದೆ. ಹದಿನಾರನೆಯ ಹೆಜ್ಜೆಯ ವಿಷಯವನ್ನೂ ಹೇಳಿದೆ. ಬೀರಪ್ಪ ಕೂತಲ್ಲಿಂದಲೇ ಕೋಲು ಚಾಚಿ, ಏರಿಯ ಅಂಚಿಗೆ ಸರಿದಿದ್ದ ಒಂದು ಕುರಿಯನ್ನು ಹಿಂದಕ್ಕೆ ತಿರುಗಿಸಿದ. ನನ್ನ ಎದೆ ಹೊಡೆದುಕೊಳ್ಳುವ ಸದ್ದು ಕುರಿಗಳಿಗೂ ಕೇಳಿಸುತ್ತಿರಬೇಕು ಎನಿಸಿತು.

“ಗೊತ್ತೈತ್ರಿ,” ಎಂದ. “ಅವತ್ತ ಕೇಳೀನಿ. ಎರಡ ಸಲ.”

“ಮತ್ತ ಅರ್ಜಿಗೆ ಹೆಬ್ಬೆಟ್ಟು ಹಾಕಿದಿ?”

“ನೀವು ಓದಿ ಹೇಳಿದ್ರಿ. ಗಂಟಿ ಮಾತು ಈಗ ಬರತೈತಿ, ಆಗ ಬರತೈತಿ ಅಂತ ಕಾದೆ. ಬರಲಿಲ್ಲ. ಅರ್ಜಿ ಬರದವ್ರು ನೀವು, ನಾ ಏನ್ ಹೇಳ್ಲಿ? ಸಿಟ್ಟ ಬಂದಿತ್ರಿ. ಈಗೂ ಐತಿ, ಸ್ವಲ್ಪ.” ಕೋಲಿನಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದ. “ಖರೆ, ನಂದೂ ತಪ್ಪೈತ್ರಿ. ಹೋತ ನಿಂತಾಗ ನಾ ಮುಂದ ಬಂದು ಹೊಡೀಬೇಕಿತ್ತು. ಬೀಡಿ ಹಚ್ಚಾಕತ್ತಿದ್ದೆ. ಅದನ್ನ ನಾನೂ ಯಾರ ಮುಂದೂ ಹೇಳಿಲ್ಲ.”

ಆಮೇಲೆ ನನ್ನ ಅಂಗಿಯ ಜೇಬಿನ ಕಡೆ ಗದ್ದ ಎತ್ತಿ ತೋರಿಸಿದ. ತೆಳ್ಳನೆಯ ಬಿಳಿ ಟೆರಿಲಿನ್ ಅಂಗಿ. ಹಸಿರು ಹಾಳೆ ಒಳಗಿಂದ ಚೆನ್ನಾಗಿಯೇ ಕಾಣುತ್ತಿತ್ತು. “ಅದನ್ನ ನುಂಗಾಕತ್ತೀರೊ, ಬರೇ ಮಂದಿಗಿ ತೋರಸಾಕತ್ತೀರೊ?” ಎನ್ನುತ್ತ ತನ್ನ ರುಮಾಲಿನ ಸುತ್ತಿನೊಳಗೆ ಬೆರಳು ಹಾಕಿ ಅಂಥದೇ ಹಸಿರು ಹಾಳೆ ತೆಗೆದ. ಹತ್ತರಲ್ಲಿ ಮೂರೇ ಉಳಿದಿದ್ದವು. “ಯಾದಗಿರಿ ಡಾಕ್ಟರ ಕೊಟ್ಟದ್ದು, ಇದು ಮೂರನೇ ಹಾಳಿ. ನೀರು ಕಂಡ್ರ ಕಾಲ ಏಳತಿದ್ದಿಲ್ರಿ. ಮೊದಲ ಎಂಟ ದಿನ ರೊಟ್ಟಿ ರುಚಿ ಹತ್ತಲಿಲ್ಲ. ಈಗ ಪಾಡೈತಿ. ಕುರಿ ಕಾಯೂದು ಬಿಡಾಕ ಆಗತೈತೇನ್ರಿ? ನೀವು ಸಾಲಿ ಬಿಡಾಕ ಆಗತೈತೇನು?”

“ಅಂಜಿಕಿ ಹೋದ್ರ, ಸತ್ತ ಕುರಿ ಮರೆಯೂದಿಲ್ಲೇನು?” ಎಂದೆ.

“ಎಲ್ಲಿ ಮರೀತಾವ್ರಿ? ಹನ್ನೊಂದೂ ನೆನಪದಾವ. ಕಾಲಷ್ಟ ಏಳತಾವ, ಅಷ್ಟ.”

ಆ ದಿನ ಅವನ ಹಿಂಡಿನ ನಡುವೆ ಸೇತುವೆ ದಾಟಿದೆ. ಶಾಲೆಯ ಮಡಕೆಯ ನೀರಿನಲ್ಲಿ ಮೊದಲ ಗುಳಿಗೆ ನುಂಗಿದೆ. ಮಧ್ಯಾಹ್ನ ಮಗ್ಗಿ ಹೇಳಿಸುತ್ತ ಎರಡು ಸಲ ಆಕಳಿಸಿದೆ. ಹತ್ತು ಮುಗಿದಾಗ ಯಾದಗಿರಿಗೆ ಹೋಗಿ ಮತ್ತೆ ತಂದೆ. ಐದನೆಯ ವಾರ ಒಬ್ಬನೇ ದಾಟಿದೆ. ಎದೆ ಹೊಡೆದುಕೊಂಡಿತು, ಆದರೆ ಮೆಲ್ಲಗೆ. ಹೆಡ್‌ಮಾಸ್ತರು ಗಡಿಯಾರ ನೋಡಿದರು, ಏನೂ ಅನ್ನಲಿಲ್ಲ. ಅರ್ಜಿಯ ಇನ್ನೊಂದು ಪ್ರತಿ ಬರೆದು, ಬಿಟ್ಟ ವಾಕ್ಯ ಸೇರಿಸಿ ಕಳಿಸಿದೆ. ತಡೆಗೋಡೆ ಮುಂದಿನ ಬೇಸಿಗೆಗೆ ಬಂತು. ಯಾವ ಪ್ರತಿಯಿಂದ ಎಂಬುದು ಗೊತ್ತಿಲ್ಲ. ಸೈಕಲ್ಲಿನ ಚೈನು ಮಾತ್ರ, ಅಷ್ಟು ಸಲ ಕಳಚಿಸಿಕೊಂಡು ಸಡಿಲಾಗಿ, ಈಗ ಸೇತುವೆ ಬಂದ ಕೂಡಲೇ ತಾನಾಗಿಯೇ ಬೀಳುತ್ತದೆ. ನಿಜವಾಗಿಯೂ ಬಿತ್ತು ಎಂದರೆ ಯಾರೂ ನಂಬುವುದಿಲ್ಲ.

ಅಂದು ಕಂಡವರು ನನ್ನನ್ನು ಬಿಟ್ಟರೆ ಮೂವರು. ನಾಗಮ್ಮ ಹೋದ ವರ್ಷ ತೀರಿಕೊಂಡಳು. ಬೀರಪ್ಪ ಇದ್ದಾನೆ, ಡಾಕ್ಟರು ಹೇಳಿದ ಮೇಲೆ ಅವನ ಗುಳಿಗೆ ನಿಂತಿದೆ, ನನ್ನದು ಇನ್ನೂ ಅರ್ಧಕ್ಕೆ ಇಳಿದಿದೆ ಅಷ್ಟೆ. ಮೂರನೆಯದು ಆ ಹೋತ. ಎಲ್ಲವನ್ನೂ ಆಚೆ ದಡದಿಂದ, ಬಾಯಲ್ಲಿ ಸೊಪ್ಪು ಇಟ್ಟುಕೊಂಡೇ ನೋಡಿತ್ತು. ಅದೂ ಇದೆ, ಮುದಿಯಾಗಿದೆ. ಅದು ಮಾತ್ರ ಒಂದು ದಿನವೂ ಗುಳಿಗೆ ನುಂಗಿದ್ದಿಲ್ಲ.