ಕಿಟಕಿ ಸೀಟಿನ ಬಿ.ಎ.

ನನ್ನ ಮದುವೆಯ ಕಾಗದದಲ್ಲಿ "ಚಿ॥ ಸೌ॥ ಜಯಲತಾ, ಬಿ.ಎ." ಎಂದು ಅಚ್ಚಾಗಿತ್ತು. ಆಗ ನಾನು ಬರೆದು ಮುಗಿಸಿದ್ದು ಎರಡನೆಯ ವರ್ಷದ ಪರೀಕ್ಷೆ ಮಾತ್ರ. "ಹೇಗೂ ಆಗುವವಳೇ ಅಲ್ವಾ" ಎಂದು ಅಪ್ಪ ಮುಂಗಡವಾಗಿಯೇ ಪದವಿ ಪ್ರದಾನ ಮಾಡಿಬಿಟ್ಟಿದ್ದರು. ಆಮೇಲೆ ಡೊಂಬಿವಲಿ, ಅತ್ತೆಯ ಸಕ್ಕರೆ ಕಾಯಿಲೆ, ಮಗಳು ಅಶ್ಮಿತಾ, ಠಾಣೆಯಲ್ಲಿ ನೌಕರಿ. ಅಪ್ಪ ತೀರಿಕೊಳ್ಳುವವರೆಗೂ ಫೋನಿನಲ್ಲಿ "ಆ ಒಂದು ವರ್ಷ ಮುಗಿಸಿದೆಯಾ ಮಗಾ?" ಎಂದು ಕೇಳುತ್ತಲೇ ಇದ್ದರು. ಈಗ ಕೇಳುವವರಿಲ್ಲ. ಕೇಳುವವರಿಲ್ಲದ ಮೇಲೆ ಅದು ಇನ್ನಷ್ಟು ಚುಚ್ಚತೊಡಗಿತು.

ದೂರಶಿಕ್ಷಣದಲ್ಲಿ ಮತ್ತೆ ಹೆಸರು ನೋಂದಾಯಿಸಿದೆ. ಉಳಿದದ್ದೆಲ್ಲ ಪಾಸಾಗಿ ಅರ್ಥಶಾಸ್ತ್ರ ಒಂದು ಕೆ.ಟಿ. ಬಿತ್ತು. (ಕೆ.ಟಿ. ಎಂದರೆ ಈ ಊರಿನಲ್ಲಿ ನಪಾಸಿಗೆ ಇಟ್ಟಿರುವ ಮರ್ಯಾದೆಯ ಹೆಸರು.) ಎರಡನೆಯ ಸಲವೂ ಬಿತ್ತು. ಹಳೆಯ ಸಿಲೆಬಸ್ಸಿನವರಿಗೆ ಈ ಏಪ್ರಿಲ್ ಕೊನೆಯ ಅವಕಾಶ, ತಪ್ಪಿದರೆ ಮೊದಲ ವರ್ಷದಿಂದ ಶುರು ಎಂದು ಕಾಲೇಜಿನವರು ಖಡಾಖಂಡಿತವಾಗಿ ಹೇಳಿದರು.

ನಮ್ಮವರು ಮುಂಡಪ್ಪ, ಕೋಪರಿಯ ಹೋಟೆಲೊಂದರಲ್ಲಿ ಮ್ಯಾನೇಜರ್. ಅವರ ಮುಂದೆ ಅರ್ಜಿ ಇಟ್ಟೆ.

"ದಿನಕ್ಕೆ ಒಂದು ಗಂಟೆ ನನ್ನನ್ನು ನನ್ನಷ್ಟಕ್ಕೆ ಬಿಡಿ. ಓದಬೇಕು."

"ಎಂತ ಓದುದು ಮಾರಾಯ್ತಿ? ನೀನು ಬಿ.ಎ. ಅಂತ ಕಾಗದದಲ್ಲಿ ಉಂಟಲ್ಲ?"

"ಅದು ಅಪ್ಪ ಹಾಕಿಸಿದ್ದು!"

"ಯಾರು ಹಾಕಿಸಿದರೆ ಎಂತ? ಪ್ರಿಂಟ್ ಆದ ಮೇಲೆ ಆಯ್ತಲ್ಲ. ನನ್ನ ಹೆಸರಿನ ಕೆಳಗೆ 'ಉದ್ಯಮಿ, ಮುಂಬಯಿ' ಅಂತ ಇತ್ತು. ನಾನು ತಲೆ ಕೆಡಿಸಿಕೊಂಡಿದ್ದೇನಾ?"

ಆದರೂ ದೊಡ್ಡ ಮನಸ್ಸು ಮಾಡಿ ಒಪ್ಪಿದರು. ನಾನು ಕೋಣೆಯ ಬಾಗಿಲು ಹಾಕಿಕೊಂಡು ಪುಸ್ತಕ ತೆರೆದ ಕೂಡಲೇ ಹೊರಗಿನಿಂದ ದನಿ: "ನೀನು ಓದು, ಓದು. ಉಪ್ಪು ಎಲ್ಲುಂಟು ಅಂತ ಮಾತ್ರ ಹೇಳು." ಅದರ ಬೆನ್ನಿಗೇ ಮಗಳು: "ಮಮ್ಮಿ, ತೂ ಅಭ್ಯಾಸ್ ಕರ್, ಪಣ್ ಮಾಝಾ ಪಿವಳಾ ಡ್ರೆಸ್ ಕುಠೆ ಆಹೆ?" (ಓದಿಕೋ, ಆದರೆ ನನ್ನ ಹಳದಿ ಡ್ರೆಸ್ ಎಲ್ಲಿ?) ನನಗೆ ತೊಂದರೆಯಾಗುತ್ತಿದೆಯೇ ಎಂದು ವಿಚಾರಿಸಲು ಮಾತ್ರ ಇಬ್ಬರೂ ಮೂರು ಸಲ ಬಾಗಿಲು ಬಡಿದರು. ಒಂದೇ ವಾರದಲ್ಲಿ ಆ ಗಂಟೆ ಸದ್ದಿಲ್ಲದೆ ಸತ್ತಿತು.

ಆಗ ಹೊಳೆದದ್ದು ಲೋಕಲ್ ಟ್ರೇನು. ಬೆಳಿಗ್ಗೆ ಡೊಂಬಿವಲಿಯಲ್ಲಿ ಠಾಣೆಯ ಗಾಡಿ ಹತ್ತಿದರೆ ಉಸಿರಾಡಲೂ ಪಕ್ಕದವಳ ಅನುಮತಿ ಬೇಕು. ಆದ್ದರಿಂದ ಜಾಣರು ಉಲ್ಟಾ ಹೋಗುತ್ತಾರೆ. ಕಲ್ಯಾಣ್‌ಗೆ ಹೋಗುವ ಖಾಲಿ ಗಾಡಿ ಹತ್ತಿ, ಕಿಟಕಿ ಪಕ್ಕ ಕೂತು, ಕಲ್ಯಾಣ್ ಬಂದರೂ ಇಳಿಯದೆ ಗಟ್ಟಿಯಾಗಿ ಕೂತಿರುತ್ತಾರೆ. ಅದೇ ಗಾಡಿ ಅಲ್ಲಿಂದ ತಿರುಗಿ, ಮತ್ತೆ ಡೊಂಬಿವಲಿ ಹಾದು ಠಾಣೆಗೆ ಬರುತ್ತದೆ. ಮುಂದೆ ಹೋಗಬೇಕಾದರೆ ಮೊದಲು ಹಿಂದೆ ಹೋಗುವುದು ನನ್ನ ಬದುಕಿನ ಕ್ರಮವೇ ಆದ್ದರಿಂದ ಬೇಗ ಒಗ್ಗಿತು.

ಮೊದಮೊದಲು ಅಲ್ಲೂ ಕಾಟವೇ. ಡೊಂಬಿವಲಿಯಲ್ಲಿ ಹತ್ತಿದ ಪ್ರತಿಯೊಬ್ಬಳೂ "ಕುಠೆ ಉತರ್ಣಾರ್?" ಎನ್ನುವಳು. ಕೂತವಳು ಎಲ್ಲಿ ಇಳಿಯುತ್ತಾಳೆಂದು ತಿಳಿದು ಸೀಟು ಕಾದಿರಿಸುವ ಪದ್ಧತಿ ಅದು. ನಾನು ಠಾಣೆಯಲ್ಲೇ ಇಳಿಯುವವಳಾದ್ದರಿಂದ ನನಗೆ ವಿಪರೀತ ಬೇಡಿಕೆ. ಕೊನೆಗೆ ಶರ್ಮಿಳಾ ಎಂಬ ಧಾರವಾಡದ ಕಡೆಯ ಹೆಣ್ಣುಮಗಳು ನನ್ನ ಸೀಟನ್ನು ಕಾಯಂ ಆಗಿ ಹಿಡಿದಳು. ಅಂದಿನಿಂದ ಅವಳೇ ನನ್ನ ಕಾವಲು. ಯಾರಾದರೂ ಬಾಯಿ ತೆರೆದರೆ "ಏ, ಸುಮ್ನಿರ್ರವಾ, ಅಕ್ಕಾರು ಓದಾಕತ್ತಾರ" ಎಂದು ಗದರುವಳು. ನನ್ನ ಗಂಡನ ಮನೆಯಲ್ಲಿ ಸಿಗದ ಗೌರವ ಮಧ್ಯ ರೈಲ್ವೆಯ ಮಹಿಳಾ ಡಬ್ಬಿಯಲ್ಲಿ ಸಿಕ್ಕಿತು.

ಪರೀಕ್ಷೆಯ ದಿನ ಬಂತು. ಕೇಂದ್ರ ಕಲ್ಯಾಣ್‌ನ ಕಾಲೇಜು, ಬೆಳಗಿನ ಪಾಳಿ. ಅರ್ಧ ಗಂಟೆ ತಡವಾದರೆ ಒಳಗೆ ಬಿಡುವುದಿಲ್ಲ ಎಂಬ ನಿಯಮ. ನಾನು ದಿನಾ ಹಿಡಿಯುವ ಗಾಡಿಯೇ ಸರಿಹೊಂದುತ್ತಿತ್ತು. ಆಫೀಸಿಗೆ ರಜೆ ಹಾಕಿದ್ದೆ. ಶುಭವಾಗಲೆಂದು ಮಗಳು ಕೈಗೆ ಮೊಸರು-ಸಕ್ಕರೆ ಹಾಕಿದಳು. ನಮ್ಮವರು ಸ್ಟೇಷನ್‌ವರೆಗೆ ಬಂದು "ಹೆದರಬೇಡ, ನಿನಗೆ ಆಗ್ತದೆ" ಎಂದರು.

ಕಿಟಕಿ ಪಕ್ಕ ಕೂತು, ಕೊನೆಯ ಸಲ ನೋಡಿಬಿಡೋಣ ಎಂದು 'ಅವಕಾಶ ವೆಚ್ಚ'ದ ಪಾಠ ತೆರೆದೆ. ಒಂದನ್ನು ಆಯ್ದುಕೊಂಡಾಗ ಕೈಬಿಟ್ಟು ಹೋದದ್ದರ ಬೆಲೆ ಎಷ್ಟು ಎಂಬ ಲೆಕ್ಕ ಅದು. ಎರಡು ಸಲ ನನ್ನನ್ನು ಮುಳುಗಿಸಿದ್ದ ಪಾಠ ಅಂದು ಹೇಗೋ ತಲೆಗೆ ಇಳಿಯಿತು. ಇಷ್ಟು ಸುಲಭವಾ, ಹಾಗಾದರೆ ನಾನು ದಡ್ಡಿಯಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಗಾಡಿ ನಿಂತಿತು, ಹೊರಟಿತು, ಮತ್ತೆ ನಿಂತಿತು. ಯಾರದೋ ಚೀಲ ಮಡಿಲಿಗೆ ಬಂತು. ತಲೆ ಎತ್ತದೆ ಹಿಡಿದುಕೊಂಡೆ.

"ಅಕ್ಕಾರ, ಏಳ್ರಿ, ಠಾಣಾ ಬಂತು."

"ಎಲ್ಲಿ?"

"ಠಾಣಾರಿ. ಇವತ್ತ ಎಷ್ಟ ಚಲೋ ಓದಿದ್ರಿ! ಒಬ್ಬಾಕಿಗೂ ಮಾತಾಡಿಸಗೊಟ್ಟಿಲ್ಲ ನಾನು. ಪರೀಕ್ಷಾ ಯಾವಾಗ ಐತ್ರಿ?"

"ಈಗ" ಎಂದೆ.

ಶರ್ಮಿಳಾ ಆಗಲೇ ನನ್ನ ಸೀಟಿನಲ್ಲಿ ಕೂತಾಗಿತ್ತು. ಹಿಂದಿನವರು ನೂಕಿದರು, ನಾನು ಪ್ಲಾಟ್‌ಫಾರ್ಮಿಗೆ ಬಂದು ಬಿದ್ದೆ. ದಿನದ ರೂಢಿಯಂತೆ ಕಲ್ಯಾಣ್‌ನಲ್ಲಿ ಇಳಿಯದೆ ಕೂತುಬಿಟ್ಟಿದ್ದೆ; ವಾಪಸು ಅಲ್ಲಿಗೆ ಎಷ್ಟು ಓಡಿದರೂ ಕಾಲೇಜಿನ ಬಾಗಿಲು ಮುಚ್ಚಿರುತ್ತದೆ ಎಂದು ತಿಳಿಯಲು ಅರ್ಥಶಾಸ್ತ್ರ ಬೇಕಿರಲಿಲ್ಲ. ಬೆಂಚಿನ ಮೇಲೆ ಕೂತು ಅತ್ತೆ. ಮನೆಗೆ ಹೋಗಲು ಮುಖವಿಲ್ಲದೆ, ಕಾಲು ಎಳೆದ ಕಡೆಗೆ, ಅಂದರೆ ಆಫೀಸಿಗೆ ಹೋದೆ.

ಸಾಹೇಬರು ವಿಷ್ಣುಮೂರ್ತಿ ಗಾಬರಿಯಾದರು. "ಅಯ್ಯೋ, ನೀವು ಯಾಕೆ ಬಂದ್ರಿ? ನಿಮ್ಮ ರಜೆ ಪಾಸಾಗಿದೆ. ಈಗ ವಾಪಸ್ ತೆಗೆಯಲಿಕ್ಕೆ ಆಗುವುದಿಲ್ಲ. ಹೋಗಿ, ನಿಮ್ಮದೇನು ಕೆಲಸ ಇದೆಯೋ ಆರಾಮಾಗಿ ಮಾಡಿಕೊಳ್ಳಿ."

ಮದುವೆಯಾದ ಮೇಲೆ ಮೊದಲ ಬಾರಿಗೆ ಒಂದು ಇಡೀ ದಿನ ಪೂರ್ತಿಯಾಗಿ ನನ್ನದಾಗಿತ್ತು. ಏನು ಮಾಡುವುದೆಂದು ತೋಚದೆ ನನ್ನ ಮೇಜಿನ ಮುಂದೆ ಕೂತು ಫೈಲು ತೆಗೆದೆ.